ಬೆನ್ನ ಮೇಲಿನ ಮರಿಗಳು

ಯಾದಗಿರಿಯ ಸಾಬಮ್ಮ ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಿಂದ ಕಲ್ಯಾಣ ನಗರಕ್ಕೆ, ವಿಮಲಾಕ್ಷಿಯವರ ಮನೆಗೆಲಸಕ್ಕೆ ಹೋಗುತ್ತಿದ್ದಳು. ಆ ಮನೆಯ ಬಾಲ್ಕನಿಯ ಪಂಜರದಲ್ಲಿದ್ದ ಬಿಳಿ ಜುಟ್ಟಿನ ಪುಟ್ಟ ಪ್ರಾಣಿಗಳ ಜೋಡಿಯ ಬಗ್ಗೆ ಅವಳಿಗೆ ಮೊದಲಿನಿಂದಲೂ ಅನುಮಾನ.

“ಫಾರಿನ್ ಅಳಿಲು. ಯಾರಿಗೂ ಹೇಳ್ಬೇಡ,” ಎಂದಿದ್ದರು ವಿಮಲಾಕ್ಷಿ.

ಅಳಿಲಾದರೆ ಗುಟ್ಟೇಕೆ? ನೆಲ ಒರೆಸುವ ನೆಪದಲ್ಲಿ ಸಾಬಮ್ಮ ಅವುಗಳ ಮುಖವನ್ನೇ ನೋಡುತ್ತಿದ್ದಳು. ಥೇಟ್ ಮಂಗನ ಮುಖ. ಒಂದು ಬೆಳಿಗ್ಗೆ ಅವಳಿ ಮರಿಗಳು ಹುಟ್ಟಿದ್ದವು. ತಾಯಿಯ ಹಾಲು ಕುಡಿದ ಮೇಲೆ ಅವು ಗಂಡಿನ ಬೆನ್ನೇರಿ ಅಂಟಿಕೊಂಡವು.

“ಅಳಿಲು ಮರೀನ ಬೆನ್ನ ಮ್ಯಾಲ ಹೊರ್ತದೇನ್ರೀ ಅಕ್ಕಾರ?”

“ನಿನ್ ಕೆಲಸ ನೀನ್ ನೋಡ್ಕೊ!”

ಮರುದಿನ ಪಂಜರಕ್ಕೆ ಬೆಡ್‌ಶೀಟು ಹೊದಿಸಿತ್ತು. ವಿಮಲಾಕ್ಷಿ ಫೋನಿನಲ್ಲಿ ಪಿಸುಗುಟ್ಟುತ್ತಿದ್ದರು: “ಮರಿಗಳನ್ನ ನಾಳೆ ಸಂಜೆ ತಗೊಂಡ್ಹೋಗಿ.”

ಹಾಲು ಬಿಡದ ಕೂಸುಗಳು! ಸಾಬಮ್ಮ ರಸ್ತೆಗೆ ಇಳಿದವಳೇ ಅರಣ್ಯ ಇಲಾಖೆಗೆ ಫೋನ್ ಮಾಡಿದಳು.

ಬೆಳಿಗ್ಗೆ ಬಂದ ಅಧಿಕಾರಿ ಬೆಡ್‌ಶೀಟು ಸರಿಸಿದರು. “ಇದು ಟ್ಯಾಮರಿನ್ ಅನ್ನೋ ಮಂಗ, ದಕ್ಷಿಣ ಅಮೆರಿಕದ ಮಳೆಕಾಡಿಂದು. ಅಲ್ಲೂ ಈಗ ಕೆಲವೇ ಸಾವಿರ ಉಳಿದಿವೆ, ಪರವಾನಗಿ ಇಲ್ದೆ ಸಾಕೋ ಹಾಗಿಲ್ಲ. ಇದ್ರಲ್ಲಿ ಮರಿ ಹೊರೋದು ಹೆಚ್ಚಾಗಿ ಅಪ್ಪಾನೇ.” ನಾಲ್ಕನ್ನೂ ಒಟ್ಟಿಗೇ ಒಯ್ದರು.

ವಿಮಲಾಕ್ಷಿ ದುರುಗುಟ್ಟಿ ನೋಡಿದರು. “ನೀನೇನಾ ಹೇಳಿದ್ದು?”

“ಹೌದ್ರೀ ಅಕ್ಕಾರ, ನಾನೇ,” ಎಂದಳು ಸಾಬಮ್ಮ. ಅಂದೇ ಅವಳ ಕೆಲಸ ಹೋಯಿತು.