ಗುಡ್ಡವಿಲ್ಲದ ವಿಶ್ವ

ಬಳ್ಳಾರಿಯ ಆಟೊ ಚಾಲಕ ಅಂಜಿನಪ್ಪನಿಗೆ ಯಾವ ವಿಳಾಸವನ್ನಾದರೂ ಊರ ನಡುವಿನ ಕೋಟೆ ಗುಡ್ಡದಿಂದಲೇ ಹೇಳಬೇಕು: ಗುಡ್ಡದ ಈ ಕಡೆಯೋ, ಆ ಕಡೆಯೋ. ಸವಾರಿ ಇಲ್ಲದಾಗ ಅವನು ಫೋನಿನಲ್ಲಿ ಖಗೋಳದ ಗುಂಪೊಂದರ ಚರ್ಚೆ ಓದುತ್ತಾನೆ. ಒಮ್ಮೆ ತಾನೂ ಬರೆದ: ‘ವಿಶ್ವದ ನಟ್ಟನಡು ಎಲ್ಲೈತಿ?’

ಚೈತ್ರಾ ಎಂಬ ಸದಸ್ಯೆ ಉತ್ತರಿಸಿದಳು: ‘ವಿಶ್ವಕ್ಕೆ ನಡು ಅಂತ ಇಲ್ಲ. ಎಲ್ಲಿ ನಿಂತು ನೋಡಿದರೂ ದೂರದ ಗೆಲಾಕ್ಸಿಗಳು ನಮ್ಮಿಂದಲೇ ದೂರ ಸರಿಯುವಂತೆ ಕಾಣುತ್ತವೆ; ನಿಂತ ಜಾಗವೇ ನಡು ಅನಿಸುತ್ತದೆ.’

ಅಂಜಿನಪ್ಪನಿಗೆ ಸಿಟ್ಟು ಬಂತು. ‘ನಡು ಇಲ್ಲಂದ್ರ ಅಡ್ರೆಸ್ ಹೆಂಗ ಹೇಳ್ತೀರಿ?’ ಎಂದು ಬರೆದು ಫೋನು ಜೇಬಿಗಿಟ್ಟ.

ಮರುದಿನ ಬಾಡಿಗೆಗೆ ಹೋದಾಗ ಸಿರುಗುಪ್ಪದ ಆಚೆ ಆಟೊ ಕೆಟ್ಟು ನಿಂತಿತು. ಕಣ್ಣು ಹಾಯುವವರೆಗೂ ಭತ್ತ. ಗುಡ್ಡದ ಸುಳಿವೇ ಇಲ್ಲ. ಹೆಂಡತಿ ವಿರೂಪಮ್ಮ ಫೋನು ಮಾಡಿ, ‘ಎಲ್ಲಿ ಅದೀರಿ?’ ಎಂದಳು.

ಅಂಜಿನಪ್ಪ ಸುತ್ತಲೂ ತಿರುಗಿ ನೋಡಿ, ಸಾವಕಾಶವಾಗಿ ಹೇಳಿದ: ‘ನಟ್ಟನಡುವ ಅದೀನಿ.’