ಮೀಟರು ಸತ್ತ ಗಾಡಿ ಮತ್ತು ಬಾಳೆಹೊಸೂರಿನ ದಾರಿ

ನಾನು ಅಂಜುಬುರುಕ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮೋಟರ್ ಸೈಕಲ್ಲಿನ ಮೀಟರು ಕೆಟ್ಟದ್ದಕ್ಕೆ ಇಷ್ಟೊಂದು ಗಾಬರಿಯೇ ಎಂದು ನೀವು ನಗುತ್ತೀರಿ. ಕಳ್ಳರಿಗೆ, ದೆವ್ವಕ್ಕೆ ಅಂಜುವವರೆಲ್ಲ ನನ್ನ ಲೆಕ್ಕದಲ್ಲಿ ಧೈರ್ಯವಂತರು. ನಾನು ಬಾಗಿಲಿಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುವವನು. ಬಂದು ನೋಡಿದರೆ ಕೀಲಿ ಹಾಕಿಯೇ ಇರುತ್ತದೆ. ಆಗ ಗ್ಯಾಸು ಆರಿಸಿದೆನೋ ಇಲ್ಲವೋ ಎಂಬ ಅನುಮಾನ ಶುರುವಾಗುತ್ತದೆ.

ನಮ್ಮದು ಬೆಟಗೇರಿಯ ನೇಕಾರರ ಮನೆ. ಅಪ್ಪನ ಕಾಲಕ್ಕೇ ಮಗ್ಗ ನಿಂತಿತು, ನಾನು ಗದಗಿನ ಬಟ್ಟೆ ಅಂಗಡಿಯೊಂದಕ್ಕೆ ಸೇರಿಕೊಂಡೆ. ದಿನವಿಡೀ ಕೈಯಲ್ಲಿ ಮೀಟರ್ ಕೋಲು ಹಿಡಿದು ಅಳೆಯುವವನಿಗೆ ಅಂಕಿ ಎಂದರೆ ಆಧಾರ. ನನ್ನ ಹಳೆಯ ಗಾಡಿಯ ಹ್ಯಾಂಡಲ್ ನಡುವೆ ಅಂಕಿಗಳನ್ನು ತೋರಿಸುವ ಒಂದು ಸಣ್ಣ ಗಾಜಿನ ಕಿಟಕಿ ಇತ್ತು. ವೇಗ, ಓಡಿದ ದೂರ, ಉಳಿದ ಪೆಟ್ರೋಲು ಎಲ್ಲವನ್ನೂ ಅದೇ ಹೇಳುತ್ತಿತ್ತು. ನಾನು ರಸ್ತೆಗಿಂತ ಅದನ್ನೇ ಹೆಚ್ಚು ನೋಡುತ್ತೇನೆಂದು ನನ್ನ ಹೆಂಡತಿ ಗಿರಿಜಾಳ ತಕರಾರು.

ಮುಳ್ಳಿನ ಮೀಟರು ಕೆಡುವ ಮೊದಲು ಒಂದಿಷ್ಟು ದಿನ ನಡುಗುತ್ತದೆ, ಮುದುಕರಂತೆ ಸೂಚನೆ ಕೊಡುತ್ತದೆ. ಅಂಕಿಯ ಮೀಟರಿಗೆ ಅಂಥ ಸೌಜನ್ಯವಿಲ್ಲ. ಒಂದು ಬೆಳಗ್ಗೆ ಅಂಗಡಿಗೆ ಹೋಗುವಾಗ ಎಂಟರ ಅಂಕಿ ತನ್ನ ಒಂದು ಗೆರೆ ಕಳೆದುಕೊಂಡು ಒಂಬತ್ತಾಯಿತು. ಒಂಬತ್ತು ಏನಾಯಿತೆಂದು ನೋಡುವಷ್ಟರಲ್ಲಿ ಗಾಜೆಲ್ಲ ಬೂದಿ ಬಣ್ಣಕ್ಕೆ ತಿರುಗಿತು. ನಮ್ಮ ಓಣಿಯ ಮೆಕ್ಯಾನಿಕ್ ಖಾಜಾ ಅದನ್ನು ಬಿಚ್ಚಿ ನೋಡಿ, ಮತ್ತೆ ಮುಚ್ಚಿದ.

"ಒಳಗಿನ ಬೋರ್ಡ ಹೋಗೇತ್ರಿ ಅಣ್ಣಾರ. ಈ ಮೀಟರ ಮಾಡೂದ ಬಿಟ್ಟಾರ ಕಂಪನ್ಯಾವ್ರು. ಹಳಿ ಗಾಡೀದು ಯಾವುದರ ಸಿಕ್ರ ಹಾಕಿ ಕೊಡ್ತೀನಿ. ಅಲ್ಲೀಮಟ ಹಂಗ ಹೊಡೀರಿ, ಎಂಜಿನ್ ಚಲೋ ಐತಿ."

ಹಂಗ ಹೊಡೀರಿ! ಕಣ್ಣು ಕಟ್ಟಿಕೊಂಡು ಬಾವಿಯ ಕಟ್ಟೆಯ ಮೇಲೆ ನಡೆಯಿರಿ ಎಂದಷ್ಟು ಸಲೀಸಾಗಿ ಹೇಳಿದ.

ನಮ್ಮ ಹಿರಿಯರು ಮೀಟರಿಲ್ಲದೆಯೇ ಬಾಳಿದರು, ನಿಜ. ಅವರ ದೂರಗಳಿಗೆ ಕೂಗಳತೆ ಇತ್ತು, ಹರದಾರಿ ಇತ್ತು, ಒಂದು ಎಲೆ ಅಡಿಕೆ ಜಗಿದು ಉಗುಳುವಷ್ಟು ದಾರಿ ಎಂಬ ಲೆಕ್ಕವೂ ಇತ್ತು. ಆದರೆ ಅವರ ಎತ್ತಿಗೆ ದಣಿವಾದರೆ ಅದೇ ನಿಲ್ಲುತ್ತಿತ್ತು, ಮೇವು ಮುಗಿದರೆ ಅದೇ ಕೂಗುತ್ತಿತ್ತು. ನನ್ನ ಗಾಡಿ ಪೆಟ್ರೋಲು ಮುಗಿದ ಸುದ್ದಿಯನ್ನು ಲಕ್ಷ್ಮೇಶ್ವರದ ದಾರಿಯ ಅಡರಕಟ್ಟಿಯ ಹತ್ತಿರ, ಸುಡುಬಿಸಿಲಿನಲ್ಲಿ, ಪೂರ್ತಿ ಮುಗಿದ ಮೇಲೆಯೇ ತಿಳಿಸಿತು. ಅಂದು ತಳ್ಳಿದ ನೆನಪು ಇನ್ನೂ ಮೊಣಕಾಲಿನಲ್ಲಿದೆ. ಆಮೇಲೆ ನಾನು ನಿಂತಲ್ಲೆಲ್ಲ ಟ್ಯಾಂಕಿಗೆ ಕಿವಿಯಿಟ್ಟು ಗಾಡಿ ಅಲುಗಾಡಿಸತೊಡಗಿದೆ. ಜನ ನೋಡುತ್ತಿದ್ದರು. ವೇಗದ ಭಯ ಇನ್ನೂ ದೊಡ್ಡದು. ಮೊದಲು ಮೂವತ್ತೆಂಟು ಎಂದರೆ ಮೂವತ್ತೆಂಟು. ಈಗ ಗಾಳಿ ಸ್ವಲ್ಪ ಜೋರಾಗಿ ಮುಖಕ್ಕೆ ಬಡಿದರೂ ಎಪ್ಪತ್ತಕ್ಕೆ ಹೋದೆನೇನೋ ಎಂದು ಎದೆ ಹಾರುತ್ತಿತ್ತು. ಸೈಕಲ್ಲಿನವರು ನನ್ನನ್ನು ಹಿಂದೆ ಹಾಕಿ ಹೋಗತೊಡಗಿದರು.

ಹೀಗಿರುವಾಗ ಅಂಗಡಿಯ ರಜೆಯ ದಿನ ನಾನೂ ಗಿರಿಜಾಳೂ ಅವಳ ತವರು ಬಾಳೆಹೊಸೂರಿಗೆ ಹೋದೆವು. ಅಲ್ಲಿ ನಮ್ಮತ್ತೆ ನೀಲವ್ವ ಇದ್ದಾರೆ. ಮದುವೆಯಾಗಿ ಇಷ್ಟು ವರ್ಷವಾದರೂ ಅವರು ನನ್ನೊಡನೆ ನೇರವಾಗಿ ಮಾತಾಡಿದವರಲ್ಲ. ಅಳಿಯನ ಮುಂದೆ ಸೆರಗು ತಲೆಯ ಮೇಲೆ, ದನಿ ಬಾಗಿಲ ಹಿಂದೆ. ನಾನು ಎದುರಿಗೇ ಕುಳಿತಿದ್ದರೂ "ಅಳ್ಯಾಗ ಇನ್ನೊಂದು ರೊಟ್ಟಿ ಬೇಕೇನ ಕೇಳ" ಎಂದು ಮಗಳಿಗೆ ಹೇಳುತ್ತಾರೆ. ನಾನೂ "ಸಾಕಂತ ಹೇಳು" ಎಂದು ಮಗಳಿಗೇ ಹೇಳುತ್ತೇನೆ.

ಅಂದು ಮಧ್ಯಾಹ್ನ ಅವರು ಒಲೆಗೆ ಸಗಣಿಯ ಕುಳ್ಳು ತರಲು ಹಿತ್ತಲಿಗೆ ಹೋದರು. ಕುಳ್ಳಿನ ರಾಶಿಗೆ ಕೈ ಹಾಕಿದವರು "ಯವ್ವಾ!" ಎಂದು ಕೂಗಿದರು. ನಾವು ಓಡಿದಾಗ ಹೆಡೆ ಎತ್ತಿದ್ದ ನಾಗರಹಾವು ಇಳಿದು ಬೇಲಿಯೊಳಗೆ ಹೋಗುತ್ತಿತ್ತು. ಅತ್ತೆಯ ಮುಂಗೈ ಮೇಲೆ ರಕ್ತದ ಚುಕ್ಕೆ.

ಕೂಗು ಕೇಳಿ ಪಕ್ಕದ ಮನೆಯ ದಸ್ತಗೀರಸಾಬರು ಬಂದರು. ಉಳ್ಳಾಗಡ್ಡಿ ವ್ಯಾಪಾರದ ಹಿರಿಯರು. ಅವರೇ ಆಂಬುಲೆನ್ಸಿಗೆ ಫೋನು ಮಾಡಿದರು. ಗಾಡಿ ಶಿರಹಟ್ಟಿ ಕಡೆ ಹೋಗಿದೆ, ಬರುವುದು ತಡ ಎಂದರು ಅತ್ತಲಿಂದ.

"ಕಾಯೂದು ಬ್ಯಾಡ" ಎಂದರು ದಸ್ತಗೀರಸಾಬರು. "ಲಕ್ಷ್ಮೇಶ್ವರ ದವಾಖಾನಿಗೆ ನೀವ ಕರಕೊಂಡ ಹೋಗ್ರಿ. ನನ್ನ ಮೊಪೆಡ್ ಮ್ಯಾಲ ಮೂರು ಮಂದಿ ಕುಂಡ್ರಾಕ ಆಗಂಗಿಲ್ಲ. ನಿಮ್ಮ ಗಾಡ್ಯಾಗ ಪೆಟ್ರೋಲ್ ಎಷ್ಟೈತಿ?"

"ಗೊತ್ತಿಲ್ರಿ."

"ನಿಮ್ಮ ಗಾಡ್ಯಾಗ ಎಷ್ಟೈತಿ ನಿಮಗ ಗೊತ್ತಿಲ್ಲಾ?"

ಮೀಟರಿನ ಕಥೆ ಹೇಳುವ ಹೊತ್ತಲ್ಲ ಅದು. ಅವರು ಉತ್ತರಕ್ಕೆ ಕಾಯದೆ ತಮ್ಮ ಮೊಪೆಡ್ಡಿನ ಪೈಪು ಕಿತ್ತು ಬಾಟಲಿಗೆ ಪೆಟ್ರೋಲು ಇಳಿಸಿ ನನ್ನ ಟ್ಯಾಂಕಿಗೆ ಸುರಿದರು. ಅತ್ತೆಯನ್ನು ನನ್ನ ಬೆನ್ನಿಗೆ ಕೂರಿಸಿ, ಅವರ ಹಿಂದೆ ಗಿರಿಜಾಳನ್ನು ಕೂರಿಸಿ, ಬೀಳದಂತೆ ಒಂದು ಹಳೆಯ ಇಳಕಲ್ ಸೀರೆಯಿಂದ ಮೂವರನ್ನೂ ಸುತ್ತಿ ಕಟ್ಟಿದರು. ನನ್ನ ನೆರಳು ಸೋಕಿದರೂ ಹಿಂದೆ ಸರಿಯುತ್ತಿದ್ದ ಅತ್ತೆಯ ಎದೆಬಡಿತ ನನ್ನ ಬೆನ್ನಿಗೆ ಬಡಿಯುತ್ತಿತ್ತು.

ಹೊರಟೆ. ಕಣ್ಣು ಚಟದಂತೆ ಮೀಟರಿಗೆ ಹೋಯಿತು. ಬೂದಿ. ಎಕ್ಸಲೇಟರನ್ನು ಪೂರಾ ತಿರುವಿದೆ. ಎರಡೂ ಕಡೆಯ ಎರೆಹೊಲ, ಜಾಲಿಗಿಡ ಎಲ್ಲ ಹಿಂದಕ್ಕೆ ಹಾರುತ್ತಿದ್ದವು. ಅಷ್ಟು ವೇಗವಾಗಿ ನಾನು ಜನ್ಮದಲ್ಲಿ ಓಡಿಸಿದ್ದಿಲ್ಲ. ತಗ್ಗು ಬಂದಾಗಲೆಲ್ಲ ಮೂವರೂ ಎಗರಿ ಒಟ್ಟಿಗೆ ಕೆಳಗೆ ಬೀಳುತ್ತಿದ್ದೆವು. ಜೋರಾಗಿ ಹೋದರೆ ಬಿದ್ದು ಸಾಯುತ್ತೇವೆ, ನಿಧಾನ ಹೋದರೆ ವಿಷ ಏರುತ್ತದೆ. ಈ ಎರಡರ ನಡುವೆ ಎಲ್ಲಿದ್ದೇನೆಂದು ಹೇಳುವ ಅಂಕಿಯಿಲ್ಲ.

"ಜಲ್ದಿ ಹೊಡೀರಿ!" ಎಂದು ಗಿರಿಜಾ ಅಳುತ್ತಿದ್ದಳು.

"ಅವ್ವನ್ನ ಮಾತಾಡ್ಸಕೋತ ಇರು, ಮಲಗಾಕ ಬಿಡಬ್ಯಾಡ" ಎಂದು ನಾನು ಕೂಗಿದೆ.

"ಯವ್ವಾ, ಏನರ ಮಾತಾಡ ಬೇ. ಇವರು ಅಂಜ್ಯಾರ."

ಬೆನ್ನ ಹಿಂದಿನಿಂದ ಕ್ಷೀಣವಾಗಿ ಕೇಳಿಸಿತು: "ಅಳ್ಯಾಗ ಹೇಳವಾ, ಅಂಜಬ್ಯಾಡ ಅಂತ. ಗಾಡಿ ಮ್ಯಾಲೆ ಲಕ್ಷ್ಯ ಇರ್ಲಿ ಅಂತ."

ನನ್ನ ಬೆನ್ನಿಗೆ ಕಟ್ಟಿಸಿಕೊಂಡು ಕುಳಿತವರು, ಜೀವ ಹೋಗುವ ಹೊತ್ತಿನಲ್ಲೂ ಮರ್ಯಾದೆ ಬಿಡದೆ ಮಗಳ ಮೂಲಕವೇ ಹೇಳಿ ಕಳಿಸಿದರು. ನಗು ಬರಬೇಕಿತ್ತು. ಬರಲಿಲ್ಲ. ಯಾಕೆಂದರೆ ಆಮೇಲೆ ಅವರ ದನಿ ನಿಂತಿತು. ತಲೆ ನನ್ನ ಹೆಗಲ ಮೇಲೆ ಭಾರವಾಗಿ ಬಂದು ಬಿತ್ತು.

"ಗಿರಿಜಾ, ಉಸಿರು?"

"ಗೊತ್ತಾಗವಲ್ದು, ಗಾಳ್ಯಾಗ ಗೊತ್ತಾಗವಲ್ದು!"

ಲಕ್ಷ್ಮೇಶ್ವರದ ಮೊದಲ ಮನೆಗಳು ಕಾಣುವವರೆಗೆ ನಾನು "ಅತ್ತೀ, ಅತ್ತೀ" ಎಂದು ಕೂಗುತ್ತಲೇ ಇದ್ದೆನಂತೆ. ನನಗೆ ನೆನಪಿಲ್ಲ. ನೆನಪಿರುವುದು ದವಾಖಾನೆಯ ಬಾಗಿಲಲ್ಲಿ ಸೀರೆಯ ಗಂಟು ಬಿಚ್ಚಲು ನನ್ನ ಬೆರಳುಗಳು ಒಪ್ಪದೆ ಹೋದದ್ದು. ಬಟ್ಟೆಯಲ್ಲೇ ಬದುಕಿದ ಬೆರಳುಗಳು! ಕೊನೆಗೆ ನರ್ಸಮ್ಮ ಕತ್ತರಿ ತಂದು ಕತ್ತರಿಸಿದಳು.

ಅತ್ತೆಯ ರೆಪ್ಪೆಗಳು ಆಗಲೇ ಇಳಿಬಿದ್ದಿದ್ದವು. ಡಾಕ್ಟರು ಇಂಜಕ್ಷನ್ ಮೇಲೆ ಇಂಜಕ್ಷನ್ ಏರಿಸಿದರು. "ಉಸಿರಾಟ ನೋಡಬೇಕು" ಎಂದು ನಮ್ಮನ್ನು ಹೊರಗೆ ಕಳಿಸಿದರು. ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕುಳಿತೆವು. ಗಿರಿಜಾ ನನ್ನ ಅಂಗಿಯ ತುದಿ ಹಿಡಿದುಕೊಂಡೇ ಇದ್ದಳು. ಒಳಗಿನಿಂದ ಯಾರು ಬಂದರೂ ನಾನು ಅವರ ಮುಖವನ್ನು ನೋಡದೆ ಚಪ್ಪಲಿಯನ್ನು ನೋಡುತ್ತಿದ್ದೆ. ಮುಖದಲ್ಲಿ ಏನು ಕಾಣುತ್ತದೋ ಎಂಬ ಭಯ.

ಮರುದಿನ ಬಿಸಿಲೇರುವ ಹೊತ್ತಿಗೆ ಒಳಗೆ ಕರೆದರು. ಅತ್ತೆ ಕಣ್ಣು ಬಿಟ್ಟಿದ್ದರು. ಸೆರಗು ಹುಡುಕಿದ ಕೈಗೆ ಸಲೈನಿನ ಸೂಜಿ ಅಡ್ಡ ಬಂತು. ಹಾಗಾಗಿ ಬರಿದಲೆಯಲ್ಲೇ ನನ್ನನ್ನು ನೋಡಿದರು. ಮಗಳು ಪಕ್ಕದಲ್ಲೇ ಇದ್ದರೂ, ನನಗೇ ಕೇಳಿದರು:

"ಉಂಡ್ರೇನ್ರಿ ಅಳ್ಯಾರ?"

ನಾನು ಊಟ ತರುವ ನೆಪದಲ್ಲಿ ಹೊರಗೆ ಬಂದುಬಿಟ್ಟೆ.

ಕೆಲವು ವಾರಗಳ ಮೇಲೆ ಖಾಜಾ ಮುಂಡರಗಿಯ ಗುಜರಿಯಿಂದ ಒಂದು ಹಳೆಯ ಮೀಟರು ತಂದು ಕೂಡಿಸಿದ. ಅದರಲ್ಲಿ ಯಾರೋ ಓಡಿಸಿದ ಕಿಲೋಮೀಟರುಗಳಿದ್ದವು. ಯಾರ ಯಾವ ಊರಿನ ದಾರಿಯೋ, ಈಗ ನನ್ನ ಹೆಸರಿಗೆ ಬಂತು. ಇರಲಿ ಎಂದೆ. ಅತ್ತೆ ಪೂರ್ತಿ ಚೇತರಿಸಿಕೊಂಡು ಬೆಟಗೇರಿಯ ನಮ್ಮ ಮನೆಗೆ ಬಂದರು. ತಿರುಗಿ ಹೋಗುವಾಗ ಲಕ್ಷ್ಮೇಶ್ವರದವರೆಗೆ ನಾನು ಗಾಡಿಯಲ್ಲಿ, ತಾಯಿ ಮಗಳು ಬಸ್ಸಿನಲ್ಲಿ. ಅಲ್ಲಿಂದ ಊರಿಗೆ ಮೂವರೂ ಗಾಡಿಯ ಮೇಲೆ.

ಅದೇ ದಾರಿ, ಅದೇ ತಗ್ಗು. ಆವತ್ತು ಎಷ್ಟು ವೇಗದಲ್ಲಿ ಹೋಗಿದ್ದೆನೋ ನೋಡಿಯೇ ಬಿಡೋಣ ಎಂಬ ಆಸೆ ಹುಟ್ಟಿತು. ಎಕ್ಸಲೇಟರನ್ನು ಪೂರಾ ತಿರುವಿದೆ. ಎಂಜಿನ್ ಆವತ್ತಿನಂತೆಯೇ ಅರಚಿತು, ಜಾಲಿಗಿಡಗಳು ಆವತ್ತಿನಂತೆಯೇ ಹಾರಿದವು. ಧೈರ್ಯ ಮಾಡಿ ಮೀಟರು ನೋಡಿದೆ. ನಲವತ್ತೆರಡು. ಇನ್ನೂ ಬಿಗಿಯಾಗಿ ತಿರುವಿ ಹಿಡಿದೆ. ಮೂವರ ಭಾರಕ್ಕೆ ಏದುಸಿರು ಬಿಡುತ್ತಿದ್ದ ಗಾಡಿ ಅದರ ಮೇಲೆ ಏರಲು ಒಪ್ಪಲೇ ಇಲ್ಲ.

ಹಿಂದಿನಿಂದ ಅತ್ತೆಯ ದನಿ ಬಂತು, ನೇರವಾಗಿ ನನ್ನ ಕಿವಿಗೇ: "ಅಳ್ಯಾರ, ಆವತ್ತಿನಂಗ ಹಾರಸಬ್ಯಾಡ್ರಿ. ಸಾವಕಾಶ ಹೋಗ್ರಿ, ನನಗ ಅಂಜಿಕಿ ಬರತೈತಿ."

"ಆತ್ರಿ ಅತ್ತೀ" ಎಂದು ನಿಧಾನ ಮಾಡಿದೆ. ಅಂಕಿ ಎಷ್ಟೆಂದು ಮಾತ್ರ ಹೇಳಲಿಲ್ಲ.