ನಿಸಿದಿಗಲ್ಲಿಗೆ ಪಾಲಿಶ್

ಕಾಗವಾಡದ ಹತ್ತಿರ, ನಮ್ಮ ಅವ್ವನ ತವರಿನಲ್ಲಿ, ಕಬ್ಬಿನ ಹೊಲದ ನಡುವೆ ಒಂದು ಹಾಳು ಬಸದಿ ಇದೆ. ಹಿಂದೆ ಅಲ್ಲಿ ಜೈನ ಮುನಿಗಳು ಇರುತ್ತಿದ್ದರಂತೆ. ಅವರ ಕೋಣೆಗಳ ಕಲ್ಲು ಈಗ ಗಡಿಯ ಆಚೆ ಈಚೆಯ ಊರುಗಳ ಬಾವಿಕಟ್ಟೆಗಳಲ್ಲಿವೆ. ಕಲ್ಲು ಹೊರುವಾಗ ಮಾತ್ರ ನಮ್ಮ ಜನ ಕನ್ನಡ, ಮರಾಠಿ ಎಂದು ಜಗಳ ತೆಗೆಯಲಿಲ್ಲ.

ಉಳಿದದ್ದು ಒಂದೇ ನಿಸಿದಿಗಲ್ಲು. ವ್ರತ ಹಿಡಿದು, ಅನ್ನನೀರು ತೊರೆದು ದೇಹ ಬಿಟ್ಟ ಒಬ್ಬಳ ನೆನಪಿಗೆ ನಿಲ್ಲಿಸಿದ್ದು. ಮೇಲೆ ಕೈಮುಗಿದು ಕೂತ ಹೆಂಗಸು, ಕೆಳಗೆ ಹಳಗನ್ನಡದ ನಾಲ್ಕು ಸಾಲು. ತವರಿಗೆ ಹೋದಾಗಲೆಲ್ಲ ಅವ್ವ ಆ ಕಲ್ಲು ತೊಳೆದು, ಅಕ್ಷರಗಳ ಮೇಲೆ ಬೆರಳಾಡಿಸಿ, "ಇಕಿ ಹೆಸರರ ಏನಿತ್ತೋ" ಎನ್ನುತ್ತಿದ್ದಳು. ಹೋದ ವರ್ಷ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಶಾಸನ ಓದಬಲ್ಲ ಮಾಸ್ತರರೊಬ್ಬರನ್ನು ಹುಡುಕಿ ಒಪ್ಪಿಸಿದೆ.

ಸುದ್ದಿ ಕೇಳಿ ಅವ್ವನ ತಮ್ಮನಿಗೆ, ನಮ್ಮ ಮಾಮಾನಿಗೆ, ಹುರುಪೋ ಹುರುಪು. ದೊಡ್ಡವರು ಬರುವಾಗ ಕಲ್ಲು ಹೊಲಸಾಗಿರಬಾರದೆಂದು ನಿಪ್ಪಾಣಿಯಿಂದ ಮನೆ ನೆಲದ ಫರಸಿಗಲ್ಲು ಪಾಲಿಶ್ ಮಾಡುವವರನ್ನು ಕರೆಸಿದ. ನಾವು ಮಾಸ್ತರರ ಜೊತೆ ಹೋದಾಗ ಕಲ್ಲು ಫಳಫಳ ಹೊಳೆಯುತ್ತಿತ್ತು. ಹೆಂಗಸಿನ ಮುಖ ಸವೆದಿತ್ತು. ಅಕ್ಷರ ಒಂದೂ ಇರಲಿಲ್ಲ.

"ನೋಡ ಅಕ್ಕಾ, ಮಶೀನ್ ಹಚ್ಚಿಸೇನಿ!" ಎಂದ ಮಾಮಾ. ನನಗೆ ಅವನ ಕತ್ತು ಹಿಸುಕಬೇಕೆನ್ನಿಸಿತು.

ಮಾಸ್ತರರು ಅಂಗೈಯಿಂದ ಕಲ್ಲು ಸವರಿದರು. "ಯಾರ ಕಡೆಗರ ಮೊದಲಿನ ಫೋಟೋ ಐತೇನ್ರಿ?"

ಎಲ್ಲರೂ ಮೊಬೈಲ್ ತಡಕಾಡಿದೆವು. ಫೋಟೋಗಳಿಗೇನು ಬರ? ಹೊಸ ಜೋಡಿ, ಹೊಸ ಬೈಕು, ಹೊಸ ಸೀರೆ. ಎಲ್ಲರೂ ಅಕ್ಷರ ಮರೆಮಾಡಿ ನಿಂತವರೇ.

ಆಗ ಮಾಮಾನಿಗೆ ತಿಳಿಯಿತು. ಮುಖ ಕಪ್ಪಿಟ್ಟಿತು. ಅವ್ವ ಬೈಯಲಿಲ್ಲ. ನೀರು ತರಿಸಿ, ಎಂದಿನಂತೆ ಕಲ್ಲು ತೊಳೆದಳು. ಬೆರಳು ಜಾರಿ ಜಾರಿ ಹೋಗುತ್ತಿತ್ತು. "ಚಲೋ ಆಗೇತಿ ಬಿಡಪಾ" ಎಂದು ತಮ್ಮನಿಗೆ ಹೇಳಿ ಕಾರು ಹತ್ತಿದಳು. ಆಮೇಲೆ ಆ ಮಾತು ಎತ್ತಲೇ ಇಲ್ಲ.

ಶ್ರಾವಣದಲ್ಲಿ ಅವ್ವ ಹೋದಳು. ನೆಂಟರೆಲ್ಲ ಚದುರಿದ ಮೇಲೆ ಮಾಮಾ ಹತ್ತಿರ ಬಂದು ಕೂತ.

"ಅಕ್ಕನ ಹೆಸರು ಅಲ್ಲೇ ಕೆತ್ತಸೂಣೇನು? ಜಾಗಾ ಹೆಂಗೂ ಖಾಲಿ ಐತಿ."

"ಖಾಲಿ ಇಲ್ರಿ ಮಾಮಾ. ಅಲ್ಲಿ ಒಬ್ಬಾಕಿ ಹೆಸರೈತಿ."

ಅವನು ಟವೆಲ್ಲಿನಲ್ಲಿ ಮುಖ ಮುಚ್ಚಿ ಅಳತೊಡಗಿದ. ನಾನು ಸಮಾಧಾನ ಮಾಡಲಿಲ್ಲ.